ಗುಜರಿಯಿಂದ ಎದ್ದ ಬೇರ್: ಲೈಲ್ ಶೆಲ್ಟನ್ ಮತ್ತು 51 ಸೆಕೆಂಡುಗಳು

1969ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ವಾಲ್ಪರೈಸೊ ಅನ್ನೋ ಊರಿನ ವಿಮಾನ ನಿಲ್ದಾಣದಲ್ಲಿ ಒಂದು ಮುರುಕು ವಿಮಾನ ಬಿದ್ದಿತ್ತು. 1962ರಲ್ಲಿ ಅಪಘಾತವಾದಾಗಿನಿಂದ ಅದನ್ನು ಯಾರೂ ಎತ್ತಿರಲಿಲ್ಲ. ಎಂಜಿನ್ ಇಲ್ಲ, ಪ್ರೊಪೆಲ್ಲರ್ ಇಲ್ಲ, ಬೇಕಾದ ಎಷ್ಟೋ ಭಾಗಗಳು ಕಾಣೆ. ಅದು ಅಮೆರಿಕದ ನೌಕಾಪಡೆಯ ಹಳೇ ಯುದ್ಧವಿಮಾನ, ಗ್ರಮ್ಮನ್ ಎಫ್8ಎಫ್ ಬೇರ್‌ಕ್ಯಾಟ್. ನೌಕಾಪಡೆಯಲ್ಲಿ ಪೈಲಟ್ ಆಗಿದ್ದು, ಆಮೇಲೆ ಟಿಡಬ್ಲ್ಯೂಎ ಕಂಪನಿಯ ಪ್ರಯಾಣಿಕ ವಿಮಾನ ಓಡಿಸುತ್ತಿದ್ದ ಲೈಲ್ ಶೆಲ್ಟನ್ ಆ ಗುಜರಿಯನ್ನು ಕೊಂಡುಕೊಂಡರು. ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿ, ಗೆಳೆಯರನ್ನು ಸೇರಿಸಿಕೊಂಡು ರಿಪೇರಿಗೆ ಕೂತರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅದು ಮತ್ತೆ ಹಾರಿತು. ಹಾರಿದ ಕೆಲವೇ ದಿನಕ್ಕೆ ನೆವಾಡಾದ ರೀನೊ ಪಟ್ಟಣದ ಏರ್ ರೇಸ್‌ನಲ್ಲಿ ಓಡಿಯೂ ಬಿಟ್ಟಿತು.

ಇಪ್ಪತ್ತು ವರ್ಷದ ನಂತರ, 1989ರ ಆಗಸ್ಟ್ 21ರಂದು, ಅದೇ ವಿಮಾನ ಗಂಟೆಗೆ 850 ಕಿ.ಮೀ. ವೇಗದಲ್ಲಿ ಹೋಯಿತು. ಪೆಟ್ರೋಲ್ ಕುಡಿಯುವ ಪಿಸ್ಟನ್ ಎಂಜಿನ್ ಮತ್ತು ಪ್ರೊಪೆಲ್ಲರ್ ಇರುವ ವಿಮಾನಕ್ಕೆ ಅದು ವಿಶ್ವದಾಖಲೆ. ಒಳಗೆ ಕೂತಿದ್ದವರು ಅದೇ ಶೆಲ್ಟನ್. ಅಷ್ಟೊತ್ತಿಗೆ ವಿಮಾನಕ್ಕೆ ‘ರೇರ್ ಬೇರ್’ ಎಂದು ಹೆಸರಾಗಿತ್ತು.

ಶೆಲ್ಟನ್ 2010ರಲ್ಲಿ ತೀರಿಕೊಂಡರು. ಏರ್ ರೇಸ್ ಮಂದಿ ಅವರನ್ನು ನೆನೆಸಿಕೊಳ್ಳುವಾಗ ಧೈರ್ಯದ ಮಾತು ಬಂದೇ ಬರುತ್ತದೆ. ಧೈರ್ಯ ಇತ್ತು, ಇಲ್ಲ ಅನ್ನಲ್ಲ. ಆದರೆ ಈ ಇಪ್ಪತ್ತು ವರ್ಷದಲ್ಲಿ ನನಗೆ ಹೆಚ್ಚಾಗಿ ಕಾಣುವುದು ಬೇರೆಯೇ: ಬಿಸಿಯ ಜೊತೆಗಿನ ಜಗಳ. ಎಂಜಿನ್ನಿನ ಬಿಸಿ. ಅದೇನು ಅಂತ ಅರ್ಥವಾದರೆ ಶೆಲ್ಟನ್ ಮಾಡಿದ್ದು ಎಷ್ಟು ದೊಡ್ಡದು ಅಂತಲೂ ಅರ್ಥವಾಗುತ್ತದೆ.

ಮೊದಲು ಒಂದು ಒಗಟು. 1939ರ ಏಪ್ರಿಲ್‌ನಲ್ಲಿ ಜರ್ಮನಿಯ ಫ್ರಿಟ್ಜ್ ವೆಂಡೆಲ್ ಎಂಬ ಪೈಲಟ್ ಮೆಸರ್‌ಶ್ಮಿಟ್ 209 ವಿಮಾನದಲ್ಲಿ ಗಂಟೆಗೆ 755 ಕಿ.ಮೀ. ವೇಗದ ದಾಖಲೆ ಮಾಡಿದ. ದಾಖಲೆಗೆಂದೇ ಕಟ್ಟಿದ ವಿಮಾನ ಅದು. ನಾಜಿ ಸರ್ಕಾರ ಅದನ್ನು ತನ್ನ ಮಾಮೂಲಿ ಯುದ್ಧವಿಮಾನದ ಇನ್ನೊಂದು ಮಾದರಿ ಎಂಬಂತೆ ಹೆಸರು ಬದಲಿಸಿ ಪ್ರಚಾರ ಮಾಡಿತು. ಆಮೇಲೆ ಮಹಾಯುದ್ಧ ನಡೆಯಿತು. ಸಾವಿರಾರು ಎಂಜಿನಿಯರುಗಳು ಹಗಲೂ ರಾತ್ರಿ ತಲೆ ಕೆಡಿಸಿಕೊಂಡು ಪಿಸ್ಟನ್ ಎಂಜಿನ್ನುಗಳ ಶಕ್ತಿಯನ್ನು ಎರಡು ಪಟ್ಟು ಮಾಡಿದರು. ಆದರೂ ಪಿಸ್ಟನ್ ವಿಮಾನಗಳ ಪೈಕಿ ವೆಂಡೆಲ್ ದಾಖಲೆ ಅಧಿಕೃತವಾಗಿ ಮುರಿದದ್ದು 1969ರಲ್ಲಿ! ಡ್ಯಾರಿಲ್ ಗ್ರೀನಮಾಯರ್ ಎಂಬ ರೇಸರ್ ಒಂದು ಬೇರ್‌ಕ್ಯಾಟ್‌ನಲ್ಲಿ 777 ಕಿ.ಮೀ. ಮುಟ್ಟಿದರು. ಮೂವತ್ತು ವರ್ಷದಲ್ಲಿ ಸಿಕ್ಕಿದ್ದು 22 ಕಿ.ಮೀ.

ಯಾಕೆ ಇಷ್ಟು ನಿಧಾನ? ಒಂದು ಕಾರಣ ಸುಲಭ. ಯುದ್ಧ ಮುಗಿಯುವಾಗ ಜೆಟ್ ಬಂತು. ಪ್ರೊಪೆಲ್ಲರ್ ವಿಮಾನದ ವೇಗಕ್ಕೆ ಸರ್ಕಾರಗಳು ದುಡ್ಡು ಹಾಕುವುದು ನಿಂತಿತು. ಬೇಡವಾದ ಯುದ್ಧವಿಮಾನಗಳು ಕೆಲವೇ ಸಾವಿರ ಡಾಲರಿಗೆ ಮಾರಾಟವಾದವು. ಅಲ್ಲಿಂದ ಮುಂದೆ ಇದು ಸ್ವಂತ ದುಡ್ಡಿನ ಹುಚ್ಚರ ಆಟ.

ಇನ್ನೊಂದು ಕಾರಣ ಗಾಳಿ.

ಬೈಕಿನಲ್ಲಿ ಹೋಗುವಾಗ ಕೈ ಚಾಚಿ ನೋಡಿದವರಿಗೆ ಇದು ಗೊತ್ತು. ಮೂವತ್ತರಲ್ಲಿ ಗಾಳಿ ಹಿತವಾಗಿರುತ್ತದೆ. ಅರವತ್ತರಲ್ಲಿ ಕೈಯನ್ನು ತಳ್ಳುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅಷ್ಟೇ ಅಲ್ಲ, ಆ ನಾಲ್ಕು ಪಟ್ಟು ತಡೆಯನ್ನು ಪ್ರತಿ ಸೆಕೆಂಡಿಗೆ ಎರಡು ಪಟ್ಟು ದೂರ ನೂಕಿಕೊಂಡು ಹೋಗಬೇಕು. ಹಾಗಾಗಿ ಬೇಕಾಗುವ ಶಕ್ತಿ ಎಂಟು ಪಟ್ಟು. ಸಣ್ಣ ಲೆಕ್ಕದಲ್ಲಿ ಹೇಳಬೇಕೆಂದರೆ, ವೇಗ ನೂರಕ್ಕೆ ಹತ್ತರಷ್ಟು ಜಾಸ್ತಿಯಾಗಬೇಕಾದರೆ ಎಂಜಿನ್ ಶಕ್ತಿ ನೂರಕ್ಕೆ ಮೂವತ್ಮೂರರಷ್ಟು ಜಾಸ್ತಿಯಾಗಬೇಕು. 755ರಿಂದ 850ಕ್ಕೆ ಹೋಗಲು ನಲವತ್ತಕ್ಕೂ ಹೆಚ್ಚು. ಶಬ್ದದ ವೇಗ ಹತ್ತಿರವಾದಷ್ಟೂ ಈ ಲೆಕ್ಕ ಇನ್ನೂ ಕೆಡುತ್ತದೆ, ಅದು ಬೇರೆ ಮಾತು.

ಇದಕ್ಕೆ ದಾರಿ ಎರಡೇ. ವಿಮಾನವನ್ನು ಸಣ್ಣದು, ನುಣುಪು ಮಾಡಬೇಕು. ಇಲ್ಲವೇ ಎಂಜಿನ್ ಶಕ್ತಿ ಏರಿಸಬೇಕು. ಶೆಲ್ಟನ್ ಎರಡನ್ನೂ ಮಾಡಿದರು. ಆದರೆ ಅವರ ಮನಸ್ಸು ಇದ್ದದ್ದು ಎರಡನೆಯದರಲ್ಲಿ.

ಬೇರ್‌ಕ್ಯಾಟ್ ಹುಟ್ಟಿದ್ದೇ ‘ಚಿಕ್ಕ ಮೈ, ದೊಡ್ಡ ಎಂಜಿನ್’ ಎಂಬ ಲೆಕ್ಕದಲ್ಲಿ. ಚಿಕ್ಕ ಯುದ್ಧನೌಕೆಯ ಡೆಕ್‌ನಿಂದಲೂ ಜಿಗಿದು ಏರಬೇಕು ಅನ್ನುವುದು ಉದ್ದೇಶ. ಮೊದಲು ಹಾರಿದ್ದು 1944ರಲ್ಲಿ. ಪಡೆಗಳ ಕೈಗೆ ಬಂದು ಕಾಳಗಕ್ಕೆ ಇಳಿಯುವ ಹೊತ್ತಿಗೆ ಜಪಾನ್ ಶರಣಾಗಿತ್ತು, ಮಹಾಯುದ್ಧದಲ್ಲಿ ಒಂದು ಗುಂಡನ್ನೂ ಹಾರಿಸಲಿಲ್ಲ. 1946ರಲ್ಲಿ ಒಂದು ಬೇರ್‌ಕ್ಯಾಟ್ ನಿಂತ ಜಾಗದಿಂದ ಹೊರಟು ಹತ್ತು ಸಾವಿರ ಅಡಿ ಏರಲು ತೆಗೆದುಕೊಂಡದ್ದು 94 ಸೆಕೆಂಡ್. 1972ರಲ್ಲಿ ಶೆಲ್ಟನ್ ಕ್ಯಾಲಿಫೋರ್ನಿಯಾದ ಥರ್ಮಲ್ ಎಂಬಲ್ಲಿ 3,000 ಮೀಟರ್ ಎತ್ತರಕ್ಕೆ 91.9 ಸೆಕೆಂಡಿನಲ್ಲಿ ಏರಿ ಅಧಿಕೃತ ದಾಖಲೆ ಬರೆದರು. ಅದು ನಮ್ಮ ಮುಳ್ಳಯ್ಯನಗಿರಿಯ ಒಂದೂವರೆ ಪಟ್ಟು ಎತ್ತರ, ಒಂದೂವರೆ ನಿಮಿಷದಲ್ಲಿ.

ಬೇರ್‌ಕ್ಯಾಟ್‌ನ ಮೂಲ ಎಂಜಿನ್ ಪ್ರ್ಯಾಟ್ ಅಂಡ್ ವಿಟ್ನಿ ಆರ್-2800. 18 ಸಿಲಿಂಡರ್, 46 ಲೀಟರ್, ಎರಡು ಸಾವಿರಕ್ಕೂ ಮೀರಿದ ಹಾರ್ಸ್‌ಪವರ್. ಗ್ರೀನಮಾಯರ್ ಅದನ್ನೇ ಇಟ್ಟುಕೊಂಡು, ವಿಮಾನದ ಮೈಯನ್ನು ಕೆರೆದು ಕೆರೆದು ನುಣುಪು ಮಾಡಿದ್ದರು. ಶೆಲ್ಟನ್‌ಗೆ ಸಿಕ್ಕ ಗುಜರಿಯಲ್ಲಿ ಎಂಜಿನ್ನೇ ಇರಲಿಲ್ಲವಲ್ಲ. ಹೇಗೂ ಹೊಸದು ಹುಡುಕಬೇಕು. ಹಾಗಿದ್ದರೆ ಇನ್ನೂ ದೊಡ್ಡದನ್ನೇ ಯಾಕೆ ಹಾಕಬಾರದು? ಹಾಕಿದರು: ರೈಟ್ ಆರ್-3350. ಇದೂ 18 ಸಿಲಿಂಡರ್, ಆದರೆ ಸುಮಾರು 55 ಲೀಟರ್. ಒಂದೊಂದು ಸಿಲಿಂಡರೂ ಮೂರು ಲೀಟರ್. ಮಾರುತಿ 800ರ ಇಡೀ ಎಂಜಿನ್ 796 ಸಿಸಿ ಇತ್ತು ಅಂತ ನೆನಪಿಸಿಕೊಂಡರೆ ಗಾತ್ರ ಅಂದಾಜಾಗುತ್ತದೆ.

ಈ ಎಂಜಿನ್ನಿಗೂ ನಮ್ಮ ದೇಶಕ್ಕೂ ಹಳೇ ನಂಟಿದೆ. ಎರಡನೇ ಮಹಾಯುದ್ಧದಲ್ಲಿ ಬಂಗಾಳದ ಖರಗ್‌ಪುರದ ಸುತ್ತ ನೆಲೆ ಹೂಡಿದ್ದ ಅಮೆರಿಕದ ಬಿ-29 ಬಾಂಬರ್‌ಗಳಲ್ಲಿ ಇದ್ದದ್ದು ಇದೇ. ಇಲ್ಲಿನ ಬೇಸಿಗೆಯಲ್ಲಿ ಅವು ಕಾದು ಕಾದು ಪೈಲಟ್‌ಗಳ ಪ್ರಾಣ ತಿಂದವು. 1948ರ ಜೂನ್‌ನಲ್ಲಿ ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ಮುಂಬೈಯಿಂದ ಲಂಡನ್ನಿಗೆ ಮೊದಲ ಪ್ರಯಾಣ ಹೋಯಿತಲ್ಲ, ಆ ಕಾನ್‌ಸ್ಟಲೇಷನ್ ವಿಮಾನಕ್ಕೂ ಇದೇ ಎಂಜಿನ್, ಅದೂ ನಾಲ್ಕು. ಪ್ರಯಾಣಿಕರನ್ನು ಹೊತ್ತು ಸಮುದ್ರ ದಾಟುತ್ತಿದ್ದ ಎಂಜಿನ್ನನ್ನು ಶೆಲ್ಟನ್ ಒಂದು ಪುಟಾಣಿ ಯುದ್ಧವಿಮಾನದ ಮೂತಿಗೆ ಸಿಕ್ಕಿಸಿದರು.

ಇನ್ನು ಬಿಸಿಯ ವಿಷಯ.

ರೇಸ್‌ನಲ್ಲಿ ಈ ಎಂಜಿನ್ 4,000 ಹಾರ್ಸ್‌ಪವರ್ ಮೀರುತ್ತದೆ. ಅಂದರೆ ಸುಮಾರು 3,000 ಕಿಲೋವ್ಯಾಟ್. ಮೂರು ಕಿಲೋವ್ಯಾಟ್ ಸಂಪರ್ಕ ಇರುವ ಸಾವಿರ ಮನೆಗಳು ಒಟ್ಟಿಗೇ ಪೂರ್ತಿ ಕರೆಂಟ್ ಎಳೆದರೆ ಎಷ್ಟೋ ಅಷ್ಟು. ಪೆಟ್ರೋಲ್ ಎಂಜಿನ್ನಿನ ಹಣೆಬರಹ ಏನೆಂದರೆ, ಪ್ರೊಪೆಲ್ಲರ್‌ಗೆ ಒಂದು ಪಾಲು ಶಕ್ತಿ ಕೊಡುವಾಗ ಅದರ ಎರಡು ಪಾಲಿಗಿಂತ ಹೆಚ್ಚು ಸುಮ್ನೆ ಬಿಸಿಯಾಗಿ ಹೋಗುತ್ತದೆ. ಬಹುಪಾಲು ಹೊಗೆಯ ಜೊತೆ ಹೊರಗೆ. ಉಳಿದದ್ದು ಲೋಹಕ್ಕೆ, ಎಣ್ಣೆಗೆ.

ಶಕ್ತಿ ಏರಿಸುವ ಉಪಾಯ ಕೇಳಲು ಸರಳ. ಸಿಲಿಂಡರಿನ ಒಳಗೆ ಜಾಸ್ತಿ ಗಾಳಿ ತುರುಕು, ಅದಕ್ಕೆ ತಕ್ಕ ಪೆಟ್ರೋಲ್ ಸುರಿ. ಗಾಳಿ ತುರುಕುವ ಪಂಪಿಗೆ ಸೂಪರ್‌ಚಾರ್ಜರ್ ಅನ್ನುತ್ತಾರೆ. ಎಷ್ಟು ತುರುಕಿದೆವು ಅಂತ ತೋರಿಸಲು ಕಾಕ್‌ಪಿಟ್‌ನಲ್ಲಿ ಒಂದು ಗಡಿಯಾರದಂಥ ಮೀಟರ್ ಇರುತ್ತದೆ. ಅಳತೆ ಪಾದರಸದ ಇಂಚಿನಲ್ಲಿ. ಸಮುದ್ರ ಮಟ್ಟದಲ್ಲಿ ನಮ್ಮ ಸುತ್ತಲಿನ ಗಾಳಿ ಸುಮಾರು 30 ಇಂಚು. ಆರ್-3350ರಂಥ ಎಂಜಿನ್ನನ್ನು ರೇಸ್‌ನಲ್ಲಿ 80 ಇಂಚಿನ ಆಸುಪಾಸಿಗೆ ಒಯ್ಯುತ್ತಾರೆ. ಮಹಾಯುದ್ಧದ ಕಾಲದ ಇನ್ನೊಂದು ಅಮೆರಿಕನ್ ಯುದ್ಧವಿಮಾನ ಮಸ್ಟ್ಯಾಂಗ್‌ನ ಮರ್ಲಿನ್ ಎಂಜಿನ್ನನ್ನಂತೂ ನೂರರ ಮೇಲಕ್ಕೂ.

ಹಾಗೆ ಒತ್ತಿದಾಗ ಏನಾಗುತ್ತದೆ? ಸೈಕಲ್ ಪಂಪ್ ಹೊಡೆದವರಿಗೆ ಗೊತ್ತು, ಒತ್ತಿದ ಗಾಳಿ ಬಿಸಿಯಾಗುತ್ತದೆ. ಒಂದು ಹಂತ ದಾಟಿದರೆ ಪೆಟ್ರೋಲ್ ನಿಧಾನವಾಗಿ, ಸಾಲಾಗಿ ಉರಿಯುವುದನ್ನು ಬಿಟ್ಟು ಒಮ್ಮೆಲೇ ಸಿಡಿಯುತ್ತದೆ. ನನ್ನ ಹಳೇ ಬೈಕ್ ಚಾರ್ಮಾಡಿ ಘಾಟಿ ಹತ್ತುವಾಗ ಮೇಲಿನ ಗೇರಿನಲ್ಲಿ ‘ಕಟ ಕಟ ಕಟ’ ಅನ್ನುತ್ತಿತ್ತು. ಮೆಕ್ಯಾನಿಕ್ ಅದನ್ನು ನಾಕಿಂಗ್ ಅಂದ, ಗೇರ್ ಇಳಿಸಿ ಅಂದ. ಮುಗಿಯಿತು. ಆದರೆ ಮೂರು ಲೀಟರಿನ ಸಿಲಿಂಡರಿನಲ್ಲಿ, 80 ಇಂಚು ಒತ್ತಡದಲ್ಲಿ ನಾಕಿಂಗ್ ಆದರೆ ಸದ್ದು ಕೇಳಿಸಿಕೊಳ್ಳುವಷ್ಟೂ ಸಮಯ ಸಿಗಲ್ಲ. ಪಿಸ್ಟನ್ ತೂತಾಗುತ್ತದೆ, ಸಿಲಿಂಡರ್ ಕಿತ್ತು ಬರುತ್ತದೆ, ಎಣ್ಣೆ ಚೆಲ್ಲಿ ಗಾಜು ಮುಚ್ಚಿಹೋಗುತ್ತದೆ. ಅದೂ ನೆಲದಿಂದ ಕೆಲವೇ ಮೀಟರ್ ಮೇಲೆ.

ಇದನ್ನು ತಡೆಯಲು ಏರ್ ರೇಸ್ ತಂಡಗಳು ಸಿಲಿಂಡರಿಗೆ ಪೆಟ್ರೋಲ್ ಜೊತೆ ನೀರನ್ನೂ ಬಿಡುತ್ತವೆ. ನೀರು ಮತ್ತು ಮೆಥನಾಲ್ ಬೆರೆಸಿದ ದ್ರವ ಅದು. ಎಂಜಿನ್ನಿಗೆ ನೀರು ಹಾಕೋದಾ ಅಂತ ಗಾಬರಿಯಾಗಬೇಡಿ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಲೆಕ್ಕವೇ ಇದು. ಆವಿಯಾಗುವ ನೀರು ಸುತ್ತಲಿನ ಬಿಸಿಯನ್ನು ಹೀರಿಕೊಂಡು ಹೋಗುತ್ತದೆ. ಸಿಲಿಂಡರಿನ ಒಳಗೆ ಗಾಳಿ ತಣ್ಣಗಾಯಿತು, ಸಿಡಿಯುವ ಭಯ ಅಷ್ಟು ಕಡಿಮೆ. ಹೊರಗಡೆ ಎಣ್ಣೆ ತಣಿಸುವ ಕೂಲರ್ ಮೇಲೂ ನೀರು ಚಿಮುಕಿಸುತ್ತಾರೆ. ಯಾಕೆಂದರೆ ಕೂಲರ್ ದೊಡ್ಡದು ಮಾಡಿದರೆ ಅದಕ್ಕೆ ಜಾಸ್ತಿ ಗಾಳಿ ಬೇಕು, ಗಾಳಿಗೆ ಬಾಯಿ ತೆರೆದಷ್ಟೂ ತಡೆ ಜಾಸ್ತಿ. ಹಾಗಾಗಿ ಚಿಕ್ಕ ಕೂಲರ್ ಇಟ್ಟು, ಟ್ಯಾಂಕಿನಲ್ಲಿ ನೀರು ಹೊತ್ತುಕೊಂಡು ಹೋಗಿ, ಓಟ ಮುಗಿಯುವವರೆಗೆ ಸುರಿಯುವುದು. ನೀರು ಮುಗಿದರೆ ಓಟವೂ ಮುಗಿದಂತೆ.

ಎಲ್ಲ ಸರಿಯಾಗಿದೆಯಾ ಅಂತ ತಿಳಿಯುವುದು ಹೇಗೆ? ಇಲ್ಲಿ ಯಾವ ಮಾಯಾಜಾಲವೂ ಇಲ್ಲ. ಒಂದು ಸಿಲಿಂಡರಿಗೆ ಎರಡರಂತೆ 36 ಸ್ಪಾರ್ಕ್ ಪ್ಲಗ್. ಹಾರಿ ಬಂದಮೇಲೆ ಬಿಚ್ಚಿ, ಸಾಲಾಗಿ ಜೋಡಿಸಿ, ಒಂದೊಂದರ ತುದಿಯ ಬಣ್ಣ ನೋಡುವುದು. ಕಪ್ಪಾಗಿದ್ದರೆ ಪೆಟ್ರೋಲ್ ಜಾಸ್ತಿ, ಬಿಳಿಚಿಕೊಂಡಿದ್ದರೆ ಬಿಸಿ ಜಾಸ್ತಿ. ನಮ್ಮ ಬೀದಿ ತುದಿಯ ಗ್ಯಾರೇಜಿನಲ್ಲಿ ಹುಡುಗ ಬೈಕಿನ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದು ನೋಡುತ್ತಾನಲ್ಲ, ಅದೇ ವಿದ್ಯೆ. ಆಮೇಲೆ ಎಣ್ಣೆಯ ಫಿಲ್ಟರ್ ತೆಗೆದು ಲೋಹದ ಚೂರು ಮಿನುಗುತ್ತದಾ ನೋಡುವುದು. ಮಿನುಗಿದರೆ ಆ ರಾತ್ರಿ ಯಾರಿಗೂ ನಿದ್ದೆ ಇಲ್ಲ.

ಶೆಲ್ಟನ್ ಹತ್ತಿರ ಲಕ್ಷಾಧೀಶರ ದುಡ್ಡು ಇರಲಿಲ್ಲ. ಸಂಬಳದ ಪೈಲಟ್ ಅವರು. ರೇರ್ ಬೇರ್ ಸುತ್ತ ಕೆಲಸ ಮಾಡಿದವರಲ್ಲಿ ಬಹಳ ಜನ ಪುಕ್ಕಟೆ ಬಂದವರು. ಪ್ರಾಯೋಜಕರು ಬಂದರು, ಹೋದರು, ಅವರ ಜೊತೆ ವಿಮಾನದ ಹೆಸರೂ ಬದಲಾಗುತ್ತಿತ್ತು. ಉಳಿದದ್ದು 77 ಎಂಬ ರೇಸ್ ನಂಬರ್ ಮತ್ತು ಶೆಲ್ಟನ್ ಹಟ. ಹಳೇ ವಿಮಾನಗಳನ್ನು ಪ್ರೀತಿಸುವ ಜನ ಅವರನ್ನು ಹಚ್ಚಿಕೊಂಡದ್ದು ಇದಕ್ಕೇ ಅಂತ ನನ್ನ ಅನಿಸಿಕೆ. ಗೆದ್ದವರು ಬೇಕಾದಷ್ಟು ಜನ ಇದ್ದಾರೆ. ಇಲ್ಲದ ಎಂಜಿನ್ನಿನಿಂದ ಶುರುಮಾಡಿ ಗೆದ್ದವರು ಅಪರೂಪ.

ಗುಜರಿಯನ್ನು ಹಾರಿಸುವ ಮಾತು ಬಂದಾಗ ಬೆಂಗಳೂರನ್ನು ಬಿಡುವುದು ಹೇಗೆ? ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಲಿಬರೇಟರ್ ಬಾಂಬರ್‌ಗಳನ್ನು ಯಾರೂ ಬಳಸದಂತೆ ಜಜ್ಜಿ ಬಿಟ್ಟುಹೋಗಿದ್ದರು. ನಮ್ಮ ಎಚ್‌ಎಎಲ್‌ನವರು ಅಲ್ಲಿಗೆ ಹೋಗಿ, ಹಾರುವಷ್ಟು ಸರಿ ಮಾಡಿ, ಬೆಂಗಳೂರಿಗೆ ಹಾರಿಸಿಕೊಂಡೇ ಬಂದರು. ಇಲ್ಲಿ ಪೂರ್ತಿ ರಿಪೇರಿಯಾದ ಸುಮಾರು ನಲವತ್ತು ವಿಮಾನಗಳು ವಾಯುಪಡೆ ಸೇರಿ 1968ರವರೆಗೂ ದುಡಿದವು. ಇವತ್ತು ವಿದೇಶದ ಮ್ಯೂಸಿಯಮ್ಮುಗಳಲ್ಲಿರುವ ಹಲವು ಲಿಬರೇಟರ್‌ಗಳು ಹೀಗೆ ಬೆಂಗಳೂರಿನ ಕೈಯಲ್ಲಿ ಉಳಿದುಕೊಂಡವು. ಈ ಕೆಲಸದ ರುಚಿ ಗೊತ್ತಿರುವ ಊರು ನಮ್ಮದು.

ಮತ್ತೆ ರೀನೊಗೆ. 1964ರಲ್ಲಿ ಬಿಲ್ ಸ್ಟೆಡ್ ಎಂಬ ನೆವಾಡಾದ ದನಗಾವಲಿನ ಮಾಲೀಕ ಶುರು ಮಾಡಿದ ರೇಸ್ ಇದು. ಆತ ವೇಗದ ದೋಣಿಗಳ ಚಾಂಪಿಯನ್ ಕೂಡ. ಮರಳುಗಾಡಿನಲ್ಲಿ ಉದ್ದನೆಯ ಕಂಬಗಳನ್ನು ನೆಟ್ಟು, ತುದಿಗೆ ಡ್ರಮ್ ಕಟ್ಟಿರುತ್ತಿದ್ದರು. ಅವುಗಳ ಹೊರಬದಿಯಿಂದ ಸುತ್ತು ಹಾಕಬೇಕಿತ್ತು. ದೊಡ್ಡ ವಿಮಾನಗಳ ಒಂದು ಸುತ್ತು ಸುಮಾರು 13 ಕಿ.ಮೀ. ಕಂಬದ ಒಳಬದಿಯಿಂದ ಅಡ್ಡದಾರಿ ಹಿಡಿದರೆ ದಂಡ. ಕಂಬಳದ ಕೋಣ ಗದ್ದೆ ಉಳುವುದಿಲ್ಲ, ಓಡುವುದಕ್ಕೇ ಸಾಕಿದ್ದು ಅಂತಾರಲ್ಲ, ಇಲ್ಲಿನ ಯುದ್ಧವಿಮಾನಗಳೂ ಹಾಗೆಯೇ. ಬಂದೂಕು ಕಳಚಿದ್ದು, ರೆಕ್ಕೆ ತುದಿ ಕತ್ತರಿಸಿದ್ದು, ಪೈಲಟ್ ತಲೆ ಮೇಲಿನ ಗಾಜಿನ ಮುಚ್ಚಳವನ್ನು ತೆಂಗಿನ ಚಿಪ್ಪಿನಷ್ಟಕ್ಕೆ ಇಳಿಸಿದ್ದು.

ಎಷ್ಟೋ ವರ್ಷ ಬಾಬ್ ಹೂವರ್ ಎಂಬ ಹೆಸರಾಂತ ಪೈಲಟ್ ಮುಂದೆ ಹಾರುತ್ತಾ ಎಲ್ಲರನ್ನೂ ಒಂದೇ ಸಾಲಿನಲ್ಲಿ ತಂದು, ರೇಡಿಯೊದಲ್ಲಿ ‘ಮಹನೀಯರೇ, ನಿಮ್ಮ ರೇಸ್ ಶುರುವಾಯಿತು’ ಅನ್ನುತ್ತಿದ್ದರು. ಹಾಗಂದು ತಮ್ಮ ವಿಮಾನವನ್ನು ಮೇಲಕ್ಕೆಳೆದು ದಾರಿ ಬಿಡುತ್ತಿದ್ದರು. ಕೆಳಗಿನ ಸಾಲು ಕಣಿವೆಗೆ ಧುಮುಕುತ್ತಿತ್ತು.

ತಿರುವಿನಲ್ಲಿ ಏನಾಗುತ್ತದೆ ನೋಡಿ. ಗಂಟೆಗೆ 775 ಕಿ.ಮೀ. ಅಂದರೆ ಸೆಕೆಂಡಿಗೆ 215 ಮೀಟರ್. ಆ ವೇಗದಲ್ಲಿ ಸುಮಾರು 1,200 ಮೀಟರ್ ತ್ರಿಜ್ಯದಲ್ಲಿ ತಿರುಗಬೇಕಾದರೆ ವಿಮಾನವನ್ನು ಹೆಚ್ಚುಕಡಿಮೆ ಪಕ್ಕಕ್ಕೆ ಮಲಗಿಸಬೇಕು. ಪೈಲಟ್ ಮೈಭಾರ ನಾಲ್ಕು ಪಟ್ಟಾಗುತ್ತದೆ. ಎಪ್ಪತ್ತು ಕೆ.ಜಿ. ಮನುಷ್ಯ 280 ಕೆ.ಜಿ. ತೂಗುತ್ತಾನೆ. ತಲೆ ಎತ್ತುವುದೇ ಕೆಲಸ. ಹಾಗೆ ಕೂತು ಮುಂದಿನ ಕಂಬ, ಪಕ್ಕದ ವಿಮಾನ, ಎಣ್ಣೆಯ ಬಿಸಿ, ನೀರಿನ ಮಟ್ಟ, ಎಲ್ಲವನ್ನೂ ನೋಡಬೇಕು.

ಶೆಲ್ಟನ್ ಇಲ್ಲಿ ಅತಿ ದೊಡ್ಡ ದರ್ಜೆಯ ಚಿನ್ನದ ಓಟವನ್ನು, ಅಂದರೆ ಫೈನಲ್ಲನ್ನು, ಆರು ಸಲ ಗೆದ್ದರು. 1973ರಲ್ಲಿ, 1975ರಲ್ಲಿ, ಆಮೇಲೆ 1988ರಿಂದ 1991ರವರೆಗೆ ಸತತ ನಾಲ್ಕು ವರ್ಷ. ಮಧ್ಯದ ಹದಿಮೂರು ವರ್ಷದ ಖಾಲಿಯನ್ನು ಗಮನಿಸಿ. ಬೇರೆಯವರು ಬಂದರು, ಗೆದ್ದರು, ಕೆಲವರು ಸತ್ತರು. ಈ ಮನುಷ್ಯ ಎಂಜಿನ್ ಬಿಚ್ಚುತ್ತಾ, ಕಟ್ಟುತ್ತಾ ಇದ್ದರು. 1973ರಲ್ಲಿ ಗೆದ್ದ ವೇಗ ಗಂಟೆಗೆ 689 ಕಿ.ಮೀ. 1991ರಲ್ಲಿ 775. ವಿಮಾನ ಅದೇ, ಪೈಲಟ್ ಅವರೇ, ವಯಸ್ಸು ಮಾತ್ರ ಅರವತ್ತರ ಹತ್ತಿರ.

ಎಂಜಿನ್ ಕೈಕೊಟ್ಟಾಗ ಪೈಲಟ್ ಬದುಕುವುದು ಹೇಗೆ ಅನ್ನುವುದನ್ನೂ ಹೇಳಿಬಿಡಬೇಕು. ನೆಲಕ್ಕೆ ಅಷ್ಟು ಹತ್ತಿರ ಇದ್ದರೆ ಎಂಜಿನ್ ನಿಂತ ತಕ್ಷಣ ಕಥೆ ಮುಗಿಯಿತು ಅನಿಸುತ್ತದೆ ಅಲ್ವಾ? ಇಲ್ಲ. ವೇಗವೇ ಅಲ್ಲಿ ಬ್ಯಾಂಕಿನ ಠೇವಣಿ. ಸೆಕೆಂಡಿಗೆ 215 ಮೀಟರ್ ವೇಗದಲ್ಲಿರುವ ವಿಮಾನ, ಗಾಳಿಯ ತಡೆ ಇಲ್ಲದಿದ್ದರೆ, ಎಂಜಿನ್ ಇಲ್ಲದೆಯೂ ಎರಡು ಸಾವಿರ ಮೀಟರಿಗಿಂತ ಮೇಲೆ ಏರಬಲ್ಲದು. ತಡೆ ಕಳೆದರೂ ಸಾಕಷ್ಟು ಎತ್ತರ ಸಿಗುತ್ತದೆ. ಹಾಗಾಗಿ ಏನೇ ಕೆಟ್ಟರೂ ಮೊದಲ ಕೆಲಸ ಮೂತಿ ಮೇಲಕ್ಕೆತ್ತುವುದು. ವೇಗ ಕೊಟ್ಟು ಎತ್ತರ ಕೊಂಡುಕೊಳ್ಳುವುದು. ಆಮೇಲೆ ರೇಡಿಯೊದಲ್ಲಿ ‘ಮೇಡೇ’ ಅಂತ ಅಪಾಯದ ಕರೆ ಕೊಟ್ಟು, ಆ ಎತ್ತರವನ್ನು ಸ್ವಲ್ಪ ಸ್ವಲ್ಪವೇ ಖರ್ಚು ಮಾಡುತ್ತಾ ರನ್‌ವೇಗೆ ಜಾರಿಕೊಂಡು ಬರುವುದು. ರೀನೊದಲ್ಲಿ ಹೀಗೆ ಉಳಿದ ಜೀವಗಳು ಎಷ್ಟೋ.

ಎಲ್ಲ ಸಲವೂ ಹಾಗಾಗುವುದಿಲ್ಲ. ಶೆಲ್ಟನ್ ಹೋದ ಮರುವರ್ಷ, 2011ರ ಸೆಪ್ಟೆಂಬರ್ 16ರಂದು, ಜಿಮ್ಮಿ ಲೀವರ್ಡ್ ಎಂಬ ಹಿರಿಯ ರೇಸರ್‌ರ ‘ಗ್ಯಾಲಪಿಂಗ್ ಗೋಸ್ಟ್’ ಎಂಬ ಮಸ್ಟ್ಯಾಂಗ್ ಪ್ರೇಕ್ಷಕರ ಮಧ್ಯೆ ಬಿತ್ತು. ಲೀವರ್ಡ್ ಜೊತೆ ಹತ್ತು ಮಂದಿ ಪ್ರೇಕ್ಷಕರು ಸತ್ತರು, ಅರವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ತನಿಖೆಯಲ್ಲಿ ಸಿಕ್ಕ ಕಾರಣ ಕೇಳಿದರೆ ಹೊಟ್ಟೆ ತೊಳಸುತ್ತದೆ. ಬಾಲದಲ್ಲಿ ಟ್ರಿಮ್ ಟ್ಯಾಬ್ ಎಂಬ ಸಣ್ಣ ಪಟ್ಟಿ ಇರುತ್ತದೆ. ಅದನ್ನು ಹಿಡಿದಿದ್ದ ತಿರುಪುಗಳ ನಟ್ಟುಗಳು ಹಳೆಯವು, ಬಿಗಿಯಾಗಿ ಹಿಡಿಯುವ ಗುಣ ಕಳೆದುಕೊಂಡಿದ್ದವು. ತಿರುಪು ಸಡಿಲವಾಯಿತು, ಪಟ್ಟಿ ಪಟಪಟ ಅದುರಿತು, ಕಿತ್ತುಹೋಯಿತು. ವಿಮಾನ ಒಮ್ಮೆಲೇ ಮೇಲಕ್ಕೆ ಚಿಮ್ಮಿತು. ಆ ಎಳೆತ ಮೈಭಾರದ ಹದಿನೇಳು ಪಟ್ಟು. ಲೀವರ್ಡ್‌ಗೆ ಕ್ಷಣದಲ್ಲೇ ಪ್ರಜ್ಞೆ ತಪ್ಪಿರಬೇಕು. ಒಂದು ನಟ್ಟು. ಈ ಆಟದಲ್ಲಿ ಬಿಸಿಗೆ ಮಾತ್ರ ಹೆದರಿದರೆ ಸಾಲದು.

ಈಗ 1989ಕ್ಕೆ. ಶೆಲ್ಟನ್ ಕೈಹಾಕಿದ್ದು ಮೂರು ಕಿಲೋಮೀಟರ್ ದೂರದ ವೇಗದಾಖಲೆಗೆ. ಅದರ ನಿಯಮಗಳು ಬಿಗಿ. ನೆಲದಿಂದ ನೂರು ಮೀಟರ್ ಒಳಗೆ, ಮಟ್ಟಸವಾಗಿ ಹಾರಬೇಕು. ಮೇಲಿಂದ ಧುಮುಕಿ ವೇಗ ಕದಿಯುವಂತಿಲ್ಲ. ನಾಲ್ಕು ಸಲ ಹಾದುಹೋಗಬೇಕು. ಎರಡು ಸಲ ಈ ಕಡೆಯಿಂದ, ಎರಡು ಸಲ ಆ ಕಡೆಯಿಂದ. ನಾಲ್ಕರ ಸರಾಸರಿಯೇ ದಾಖಲೆ. ಬೆನ್ನಿಗೆ ಬಿದ್ದ ಗಾಳಿ ಹೋಗುವಾಗ ಕೊಟ್ಟದ್ದನ್ನು ಬರುವಾಗ ಕಿತ್ತುಕೊಳ್ಳುತ್ತದೆ.

ಜಾಗ ಲಾಸ್ ವೇಗಸ್. ಜೂಜಿನ ಊರಲ್ಲ, ನ್ಯೂ ಮೆಕ್ಸಿಕೊ ರಾಜ್ಯದ ಅದೇ ಹೆಸರಿನ ಸಣ್ಣ ಪಟ್ಟಣ. ಅಲ್ಲೇ ಯಾಕೆ? ಆ ಊರು ಸಮುದ್ರ ಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ಐದರಲ್ಲಿ ಒಂದು ಪಾಲಿನಷ್ಟು ತೆಳು. ತಡೆಯೂ ಅಷ್ಟು ಕಡಿಮೆ. ಗಾಳಿ ತೆಳುವಾದರೆ ಎಂಜಿನ್ ಸೊರಗಬೇಕಲ್ಲ ಅಂದರೆ, ಅದಕ್ಕೇ ಸೂಪರ್‌ಚಾರ್ಜರ್ ಇರುವುದು. ಕೊರತೆಯನ್ನು ಅದು ತುಂಬಿಕೊಡುತ್ತದೆ. ಆಗಸ್ಟ್ ತಿಂಗಳನ್ನು ಆರಿಸಿದ್ದರಲ್ಲೂ ಲೆಕ್ಕ ಕಾಣುತ್ತದೆ. ಅಲ್ಲಿ ಅದು ಬೇಸಿಗೆ. ಬೇಸಿಗೆಯಲ್ಲಿ ಗಾಳಿ ಇನ್ನಷ್ಟು ತೆಳು, ಜೊತೆಗೆ ಬಿಸಿ ಗಾಳಿಯಲ್ಲಿ ಶಬ್ದದ ವೇಗ ಜಾಸ್ತಿ.

ಶಬ್ದದ ವೇಗ ಇಲ್ಲಿ ಯಾಕೆ ಬಂತು? ಪ್ರೊಪೆಲ್ಲರ್ ತುದಿಯಿಂದಾಗಿ. ವಿಮಾನ 850ರಲ್ಲಿ ಹೋಗುವಾಗ ಪ್ರೊಪೆಲ್ಲರ್ ತುದಿ ಮುಂದಕ್ಕೂ ಹೋಗುತ್ತಿರುತ್ತದೆ, ಸುತ್ತುತ್ತಲೂ ಇರುತ್ತದೆ. ಎರಡೂ ಸೇರಿದರೆ ಅದು ಶಬ್ದದ ವೇಗವನ್ನೇ ತಾಕುತ್ತದೆ. ದಾಟಿದರೆ ತುದಿ ಗಾಳಿಯನ್ನು ಹಿಂದಕ್ಕೆ ನೂಕುವ ಬದಲು ಬರೀ ಸದ್ದು ಮಾಡುತ್ತದೆ, ಶಕ್ತಿ ಪೋಲಾಗುತ್ತದೆ. ಹಾಗಾಗಿ ಪ್ರೊಪೆಲ್ಲರ್ ನಿಧಾನ ಸುತ್ತುವಂತೆ ಗೇರ್ ಇಡಬೇಕು, ನಿಧಾನ ಸುತ್ತಿದರೂ ಗಾಳಿ ಹಿಡಿಯುವಂತೆ ಅಲಗು ಅಗಲವಿರಬೇಕು. ರೇರ್ ಬೇರ್ ಆ ಸಲ ಹಾಕಿಕೊಂಡದ್ದು ಮೂರು ಅಗಲ ಅಲಗಿನ ಪ್ರೊಪೆಲ್ಲರ್.

ಮೂರು ಕಿ.ಮೀ. ದಾಟಲು ಆ ವೇಗಕ್ಕೆ ಹಿಡಿಯುವ ಸಮಯ ಹದಿಮೂರು ಸೆಕೆಂಡಿಗಿಂತ ತುಸು ಕಡಿಮೆ. ನಾಲ್ಕೂ ಸೇರಿಸಿದರೆ 51 ಸೆಕೆಂಡ್. ಇಪ್ಪತ್ತು ವರ್ಷದ ದುಡಿಮೆ, ಬಿಚ್ಚಿ ಕಟ್ಟಿದ ಎಂಜಿನ್ನುಗಳು, ಮನೆಗೆ ಹೋಗದ ರಾತ್ರಿಗಳು, ಎಲ್ಲಕ್ಕೂ ಲೆಕ್ಕ ಬರೆದದ್ದು ಆ 51 ಸೆಕೆಂಡ್. ಸರಾಸರಿ ಗಂಟೆಗೆ 850.26 ಕಿ.ಮೀ. ಅದಕ್ಕೂ ಹತ್ತು ವರ್ಷ ಮೊದಲು ಸ್ಟೀವ್ ಹಿಂಟನ್ ‘ರೆಡ್ ಬ್ಯಾರನ್’ ಎಂಬ ಮಸ್ಟ್ಯಾಂಗ್‌ನಲ್ಲಿ 803 ಮುಟ್ಟಿದ್ದರು. ಅದಾಗಿ ಕೆಲವೇ ವಾರದಲ್ಲಿ ರೀನೊದಲ್ಲಿ ಆ ವಿಮಾನ ಬಿದ್ದು ಚೂರಾಯಿತು, ಹಿಂಟನ್ ಮಾತ್ರ ಬದುಕಿದರು. ಶೆಲ್ಟನ್ ದಾಖಲೆ ಮಾಡಿ ಇಳಿದು, ಮುಂದಿನ ತಿಂಗಳು ಅದೇ ವಿಮಾನದಲ್ಲಿ ರೀನೊ ಓಟ ಗೆದ್ದರು. ನನಗೆ ದಾಖಲೆಗಿಂತ ಇದೇ ಹೆಚ್ಚು ಅನಿಸುತ್ತದೆ. ಅಷ್ಟು ಹಿಂಡಿದ ಮೇಲೂ ಎಂಜಿನ್ ಉಳಿದಿತ್ತು ಅಂದರೆ ಬಿಸಿಯ ಲೆಕ್ಕ ಅವರಿಗೆ ಕೈವಶವಾಗಿತ್ತು.

2006ರಲ್ಲಿ ರೇರ್ ಬೇರ್ ಟೆಕ್ಸಸ್‌ನ ರಾಡ್ ಲೂಯಿಸ್ ಎಂಬ ವಿಮಾನಪ್ರೇಮಿಯ ಕೈಗೆ ಹೋಯಿತು. ಮರುವರ್ಷ ಜಾನ್ ಪೆನ್ನಿ ಎಂಬ ಪೈಲಟ್ ಅದರಲ್ಲೇ ರೀನೊ ಚಿನ್ನ ಗೆದ್ದರು. ಬೇರೆ ಯಜಮಾನ, ಬೇರೆ ಪೈಲಟ್, ಅದೇ 77. ರೀನೊದಲ್ಲಿ ಕೊನೆಯ ಓಟ ನಡೆದದ್ದು 2023ರಲ್ಲಿ. ಊರು ಬೆಳೆದು ರೇಸ್‌ಗೆ ಜಾಗ ಸಾಲದಾಯಿತು. ಈಗ ಅದು ನ್ಯೂ ಮೆಕ್ಸಿಕೊದ ರೋಸ್‌ವೆಲ್‌ಗೆ ಹೋಗಿದೆ.

ಶೆಲ್ಟನ್ ಬದುಕಿರುವವರೆಗೂ 850 ಅನ್ನು ಯಾರೂ ಮೀರಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಹಿಂಟನ್ ಅವರ ಮಗ, ಅವರ ಹೆಸರೂ ಸ್ಟೀವ್ ಹಿಂಟನ್ನೇ, ಐಡಾಹೊದಲ್ಲಿ ‘ವೂಡೂ’ ಎಂಬ ಮಸ್ಟ್ಯಾಂಗ್‌ನಲ್ಲಿ 855 ಕಿ.ಮೀ. ಮುಟ್ಟಿದರು. ಅಷ್ಟೊತ್ತಿಗೆ ಕಂಪ್ಯೂಟರ್ ಬಂದಿತ್ತು, ಎಂಜಿನ್ನಿನ ಒಳಗಿನ ಬಿಸಿಯನ್ನು ಕ್ಷಣಕ್ಷಣಕ್ಕೂ ತೋರಿಸುವ ಉಪಕರಣಗಳು ಬಂದಿದ್ದವು. 28 ವರ್ಷದಲ್ಲಿ ಸಿಕ್ಕಿದ್ದು 5 ಕಿ.ಮೀ.